ಬೀಳುತ್ತಲೇ ಹಾರಿದ ಕಲ್ಪನಾ

ಅರಕಲಗೂಡಿನಿಂದ ಹಾಸನಕ್ಕೆ ನಾಲ್ಕು ವರ್ಷ ಕೆಂಪು ಬಸ್ಸಿನಲ್ಲಿ ಓಡಾಡಿದವಳು ನಾನು. ಬೆಳಗಿನ ಬಸ್ಸಿನಲ್ಲಿ ಸೀಟು ಸಿಕ್ಕರೆ ಅದು ಕೊನೆಯ ಸಾಲಿನಲ್ಲೇ. ಡ್ರೈವರಣ್ಣ ಹಂಪ್ ಕಾಣದೆ ಹತ್ತಿಸಿಬಿಟ್ಟರೆ ಹಿಂದೆ ಕೂತವರೆಲ್ಲ ಒಂದು ಗೇಣು ಮೇಲೆ ಹಾರಿ, ಹೊಟ್ಟೆಯೊಳಗೆ ಏನೋ ಜಾರಿದಂತಾಗಿ, ಮರುಕ್ಷಣವೇ ಸೀಟಿನ ಮೇಲೆ ದೊಪ್ಪನೆ ಬೀಳುತ್ತಿದ್ದೆವು. ಹೊಳೆನರಸೀಪುರದ ಅಜ್ಜಿ ಮನೆಗೆ ಹೋದಾಗ ಜಾತ್ರೆಯ ಜಾಯಿಂಟ್ ವೀಲ್ ಮೇಲಿನಿಂದ ಕೆಳಗಿಳಿಯುವಾಗಲೂ ಇದೇ ಕಚಗುಳಿ. ಆ ಅರೆಕ್ಷಣ ನಮಗೆ ತೂಕವೇ ಇಲ್ಲದಂತೆ ಅನಿಸುತ್ತದೆ.

ಆ ಅರೆಕ್ಷಣವನ್ನು ಇಪ್ಪತ್ತೈದು ಸೆಕೆಂಡಿನವರೆಗೆ ಹಿಗ್ಗಿಸುವ ವಿಮಾನಗಳಿವೆ. ಅಂಥದ್ದೊಂದು ವಿಮಾನದಲ್ಲಿ ತೇಲುವುದನ್ನು ಕಲಿತು, ಮುಂದೆ ಎರಡು ಬಾರಿ ಬಾಹ್ಯಾಕಾಶಕ್ಕೆ ಹೋಗಿ, ಎರಡನೆಯ ಬಾರಿ ಮರಳದೇ ಹೋದವರು ಕಲ್ಪನಾ ಚಾವ್ಲಾ. ಅವರು ತೀರಿಕೊಂಡ ವರ್ಷವೇ ನಾನು ಹುಟ್ಟಿದ್ದು. ಶಾಲೆಯ ಗೋಡೆಯ ಮೇಲೆ ಕಿತ್ತೂರು ಚೆನ್ನಮ್ಮ, ಮದರ್ ತೆರೇಸಾ ಅವರ ಪಕ್ಕದಲ್ಲಿ ಅವರ ಚಿತ್ರವಿತ್ತು. ಭಾಷಣ ಸ್ಪರ್ಧೆಗೆ ಅವರ ಬಗ್ಗೆ ಒಂದು ಪುಟ ಬಾಯಿಪಾಠ ಮಾಡಿ ಬಹುಮಾನವಾಗಿ ಸ್ಟೀಲ್ ಲೋಟವನ್ನೂ ಗೆದ್ದಿದ್ದೆ. ಆದರೆ ಅವರ ಜೀವನವನ್ನು ನಿಜವಾಗಿ ಓದಿದ್ದು ಇತ್ತೀಚೆಗೆ, ಕೆಲಸವಿಲ್ಲದೆ ಮನೆಯಲ್ಲಿ ಕೂತಾಗ.

ಕೂತದ್ದಕ್ಕೆ ಕಾರಣವಿತ್ತು. ಎಂಜಿನಿಯರಿಂಗ್ ಕೊನೆಯ ವರ್ಷದ ಪ್ರಾಜೆಕ್ಟಿಗೆ ನಾವು ನಾಲ್ವರು ಸೇರಿ ಆಲೂಗಡ್ಡೆ ಹೊಲಕ್ಕೆ ತಾನಾಗಿಯೇ ನೀರು ಬಿಟ್ಟು, ಮಣ್ಣು ತೇವವಾದ ಮೇಲೆ ತಾನೇ ನಿಲ್ಲಿಸುವ ಯಂತ್ರ ಮಾಡಿದ್ದೆವು. ಅದರ ಪ್ರೋಗ್ರಾಂ ಬರೆದವಳು ನಾನು. ಹೊರಗಿನ ಪರೀಕ್ಷಕರ ಎದುರು ಪಂಪು ಶುರುವಾಯಿತು, ನಿಲ್ಲಲಿಲ್ಲ. ಕುಂಡ ತುಂಬಿ, ಟ್ರೇ ತುಂಬಿ, ನೀರು ಮೇಜಿನಿಂದ ಪರೀಕ್ಷಕರ ಕಾಲಿನ ಮೇಲೆ ಸುರಿಯಿತು. ತರಗತಿಯೇ ನಕ್ಕಿತು. ಯಾರೂ ಬಾಯಿಬಿಟ್ಟು ಹೇಳದಿದ್ದರೂ ತಪ್ಪು ಯಾರದೆಂದು ಎಲ್ಲರ ಕಣ್ಣುಗಳೂ ನನ್ನ ಕಡೆ ತಿರುಗಿದ್ದವು. ಎರಡು ವಾರದ ನಂತರ ಒಂದು ಕಂಪನಿಯ ಸಂದರ್ಶನದಲ್ಲಿ ನಿಮ್ಮ ಪ್ರಾಜೆಕ್ಟಿನ ಬಗ್ಗೆ ಹೇಳಿ ಎಂದಾಗ ನನಗೆ ಮಾತೇ ಹೊರಡಲಿಲ್ಲ. ಆಮೇಲೆ ನಾಲ್ಕು ತಿಂಗಳು ಎಲ್ಲಿಗೂ ಅರ್ಜಿ ಹಾಕಲಿಲ್ಲ. ಅಪ್ಪ ಏನೂ ಕೇಳಲಿಲ್ಲ. ಕೇಳದೇ ಇದ್ದದ್ದೇ ಹೆಚ್ಚು ಭಾರವಾಗಿತ್ತು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತೇನೆಂದು ಸುಳ್ಳು ನೆವ ಹೇಳಿ ಗ್ರಂಥಾಲಯಕ್ಕೆ ಹೋಗುತ್ತಿದ್ದೆ. ಅಲ್ಲಿ ಸಿಕ್ಕಿದ್ದು ಕಲ್ಪನಾ ಅವರ ಕಥೆ.

ಅವರ ಊರು ಹರಿಯಾಣದ ಕರ್ನಾಲ್. ದೇಶ ವಿಭಜನೆಯ ಕಾಲದಲ್ಲಿ ಎಲ್ಲವನ್ನೂ ಬಿಟ್ಟು ಗಡಿ ದಾಟಿ ಬಂದ ಮನೆತನ. ತಂದೆ ಬನಾರಸಿ ಲಾಲ್ ಚಾವ್ಲಾ ಚಿಕ್ಕಪುಟ್ಟ ವ್ಯಾಪಾರಗಳಿಂದ ಮೇಲೆ ಬಂದು ಟೈರ್ ಉದ್ಯಮ ಕಟ್ಟಿದವರು. ನಾಲ್ಕು ಮಕ್ಕಳಲ್ಲಿ ಕಲ್ಪನಾ ಕೊನೆಯವರು. ಮನೆಯಲ್ಲಿ ಕರೆಯುತ್ತಿದ್ದುದು ಮೊಂಟು ಎಂದು. ಹುಟ್ಟಿದ್ದು 1962ರ ಮಾರ್ಚ್ 17ರಂದು, ಆದರೆ ದಾಖಲೆಯಲ್ಲಿ 1961ರ ಜುಲೈ 1. ನಮ್ಮ ಹಳ್ಳಿಗಳ ಶಾಲೆಯ ರಿಜಿಸ್ಟರಿನಲ್ಲಿ ಅರ್ಧ ಊರೇ ಜೂನ್ ಒಂದರಂದು ಹುಟ್ಟಿರುತ್ತದಲ್ಲ, ಹಾಗೆಯೇ ಇದು.

ಕರ್ನಾಲಿನಲ್ಲಿ ಒಂದು ಫ್ಲೈಯಿಂಗ್ ಕ್ಲಬ್ ಇತ್ತು. ಪುಟ್ಟ ವಿಮಾನಗಳು ಮನೆಗಳ ಮೇಲೇ ಹಾರುತ್ತಿದ್ದವು. ಬೇರೆ ಮಕ್ಕಳು ನೋಡಿ ಕೈಬೀಸಿ ಮರೆತರೆ, ಈ ಹುಡುಗಿ ಅವನ್ನು ಮರೆಯಲಿಲ್ಲ. ಟ್ಯಾಗೋರ್ ಬಾಲ ನಿಕೇತನದಲ್ಲಿ ಶಾಲೆ ಮುಗಿಸಿ, ಚಂಡೀಗಢದ ಪಂಜಾಬ್ ಎಂಜಿನಿಯರಿಂಗ್ ಕಾಲೇಜಿಗೆ ಸೇರಿದಾಗ ಅವರು ಆರಿಸಿಕೊಂಡದ್ದು ವಿಮಾನ ಎಂಜಿನಿಯರಿಂಗ್. ಹೆಣ್ಣುಮಕ್ಕಳು ಎಂಜಿನಿಯರಿಂಗ್ ಓದುವುದೇ ಅಪರೂಪವಾಗಿದ್ದ ಕಾಲ. ಆ ವಿಭಾಗದ ಕಡೆಗಂತೂ ಯಾರೂ ತಲೆ ಹಾಕುತ್ತಿರಲಿಲ್ಲ. ಬೇರೆ ವಿಭಾಗಕ್ಕೆ ಹೋಗಲು ಬುದ್ಧಿ ಹೇಳಿದವರಿದ್ದರು. ಅವರು ಕೇಳಲಿಲ್ಲ.

1982ರಲ್ಲಿ ಪದವಿ ಮುಗಿಯಿತು. ಅದೇ ವರ್ಷ ಅಮೆರಿಕಕ್ಕೆ ಹೊರಟರು. ಕಾಕತಾಳೀಯವೋ ಏನೋ, ನಮ್ಮ ಹಾಸನದಲ್ಲಿ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್ ಶುರುವಾದದ್ದೂ 1982ರಲ್ಲೇ. ಈ ಎರಡು ದಾರಿಗಳು ಮುಂದೆ ಹೇಗೆ ಸೇರಿದವು ಎಂಬುದನ್ನು ಕೊನೆಗೆ ಹೇಳುತ್ತೇನೆ.

ಟೆಕ್ಸಾಸ್ ವಿಶ್ವವಿದ್ಯಾಲಯದ ಆರ್ಲಿಂಗ್ಟನ್ ಕ್ಯಾಂಪಸ್ಸಿನಲ್ಲಿ 1984ರಲ್ಲಿ ಸ್ನಾತಕೋತ್ತರ ಪದವಿ, ಕೊಲರಾಡೊ ವಿಶ್ವವಿದ್ಯಾಲಯದಲ್ಲಿ 1988ರಲ್ಲಿ ಪಿಎಚ್‌.ಡಿ. ಈ ನಡುವೆ ವಿಮಾನ ಹಾರಾಟ ಕಲಿಸುವ ಜಾನ್ ಪಿಯರ್ ಹ್ಯಾರಿಸನ್ ಅವರೊಂದಿಗೆ ಮದುವೆ. ಕಲ್ಪನಾ ತಾವೂ ಹಾರಲು ಕಲಿತರು. ಕಲಿತದ್ದಷ್ಟೇ ಅಲ್ಲ, ಇತರರಿಗೆ ಕಲಿಸುವ ಪರವಾನಗಿಯನ್ನೂ ಪಡೆದರು. ನೆಲದ ಮೇಲಿಳಿಯುವ ವಿಮಾನ, ನೀರಿನ ಮೇಲಿಳಿಯುವ ವಿಮಾನ, ಎಂಜಿನ್ನೇ ಇಲ್ಲದ ಗ್ಲೈಡರ್, ಎಲ್ಲವನ್ನೂ ಹಾರಿಸಬಲ್ಲವರಾದರು. ಹಗಲಿಗೆ ನಾಸಾದ ಏಮ್ಸ್ ಸಂಶೋಧನಾ ಕೇಂದ್ರದಲ್ಲಿ ಕೆಲಸ. ಜಾಗ ಬಿಟ್ಟು ಕದಲದೆ ನೇರವಾಗಿ ಮೇಲೇರಬಲ್ಲ ವಿಮಾನದ ಸುತ್ತ ಗಾಳಿ ಹೇಗೆ ಹರಿಯುತ್ತದೆ ಎಂಬುದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು. ಹೊರಗಿನಿಂದ ನೋಡಿದರೆ ಇದರಲ್ಲಿ ಬಾಹ್ಯಾಕಾಶದ ಸುದ್ದಿಯೇ ಇಲ್ಲ. ಆದರೆ 1994ರ ಡಿಸೆಂಬರಿನಲ್ಲಿ ನಾಸಾ ಅವರನ್ನು ಗಗನಯಾತ್ರಿ ತರಬೇತಿಗೆ ಆರಿಸಿದಾಗ ನೋಡಿದ್ದು ಈ ಹದಿನಾರು ವರ್ಷಗಳ ಓದು, ಲೆಕ್ಕ ಮತ್ತು ಹಾರಾಟವನ್ನೇ.

1995ರ ಮಾರ್ಚಿನಲ್ಲಿ ಹ್ಯೂಸ್ಟನ್ನಿನ ಜಾನ್ಸನ್ ಬಾಹ್ಯಾಕಾಶ ಕೇಂದ್ರದಲ್ಲಿ ತರಬೇತಿ ಆರಂಭವಾಯಿತು. ಆ ತರಬೇತಿಯ ಒಂದು ಭಾಗವೇ ನಾನು ಮೊದಲು ಹೇಳಿದ ವಿಮಾನ. ಅದರ ಹೆಸರು ಕೆಸಿ-135. ಸವಾರರು ಇಟ್ಟ ಅಡ್ಡಹೆಸರು ವಾಮಿಟ್ ಕಾಮೆಟ್, ಅಂದರೆ ವಾಂತಿಯ ಧೂಮಕೇತು. ಒಳಗೆ ಸೀಟುಗಳು ಕೆಲವೇ. ಉಳಿದ ಜಾಗವೆಲ್ಲ ಖಾಲಿ. ಗೋಡೆ, ನೆಲ, ಛಾವಣಿಗೆ ಮೆತ್ತೆ ಹೊಲಿದಿರುತ್ತಿದ್ದರು.

ಇಂಥ ವಿಮಾನ ಕೆಲಸ ಮಾಡುವ ರೀತಿ ಹೀಗೆ. ಸುಮಾರು 24,000 ಅಡಿ ಎತ್ತರದಲ್ಲಿ ಪೈಲಟ್ ವಿಮಾನದ ಮೂತಿಯನ್ನು ಸುಮಾರು 45 ಡಿಗ್ರಿ ಮೇಲಕ್ಕೆತ್ತುತ್ತಾನೆ. ಆಗ ಒಳಗಿದ್ದವರ ತೂಕ ಎರಡರಷ್ಟಕ್ಕೆ ಹತ್ತಿರವಾಗುತ್ತದೆ. ಐವತ್ತು ಕೆ.ಜಿ.ಯ ನಾನು ಅಲ್ಲಿದ್ದರೆ ತೊಂಬತ್ತು ಕೆ.ಜಿ.ಯವಳಂತೆ ನೆಲಕ್ಕೆ ಅಂಟಿಕೊಳ್ಳುತ್ತಿದ್ದೆ. ಕೈ ಎತ್ತಲೂ ಕಷ್ಟ. ಆಮೇಲೆ ಎಂಜಿನ್ನಿನ ಬಲವನ್ನು ಗಾಳಿಯ ಎಳೆತಕ್ಕೆ ಸರಿಹೊಂದುವಷ್ಟು ಮಾತ್ರ ಉಳಿಸುತ್ತಾರೆ. ಆಗ ವಿಮಾನ, ಮಾವಿನ ಮರಕ್ಕೆ ಹುಡುಗರು ಎಸೆದ ಕಲ್ಲಿನ ಹಾಗೆ ಕಮಾನಿನಾಕಾರದಲ್ಲಿ ಮೇಲೇರಿ ಕೆಳಗಿಳಿಯುತ್ತದೆ. ಆ ಕಮಾನಿಗೇ ಗಣಿತದಲ್ಲಿ ಪರವಲಯ ಎನ್ನುವುದು. ವಿಮಾನವೂ ಒಳಗಿರುವವರೂ ಒಂದೇ ವೇಗದಲ್ಲಿ ಬೀಳುತ್ತಿರುವುದರಿಂದ ಯಾರ ಕಾಲೂ ನೆಲವನ್ನು ಒತ್ತುವುದಿಲ್ಲ. ಎಲ್ಲರೂ ತೇಲುತ್ತಾರೆ. ಸುಮಾರು 25 ಸೆಕೆಂಡು. ಅಷ್ಟರಲ್ಲಿ ಪೈಲಟ್ ಮತ್ತೆ ಮೂತಿ ಎತ್ತಬೇಕು. ತೇಲುತ್ತಿದ್ದವರು ಮತ್ತೆ ತೊಂಬತ್ತು ಕೆ.ಜಿ. ಹೀಗೆ ಒಂದೇ ಹಾರಾಟದಲ್ಲಿ ನಲವತ್ತು ಸಲದವರೆಗೂ.

ನನಗೆ ಇದನ್ನು ಮನದಟ್ಟು ಮಾಡಿಸಿದ್ದು ಚನ್ನರಾಯಪಟ್ಟಣದ ಗೆಳತಿ, ನಮ್ಮ ಪ್ರಾಜೆಕ್ಟಿನ ತಂಡದವಳೇ. ಶ್ರವಣಬೆಳಗೊಳದ ವಿಂಧ್ಯಗಿರಿಯ ಎತ್ತರ ನೆಲದಿಂದ ಸುಮಾರು 470 ಅಡಿ. ಕಮಾನಿನ ತುದಿಯಿಂದ ಹನ್ನೆರಡು ಸೆಕೆಂಡು ಬಿದ್ದರೆ ಎಷ್ಟು ಇಳಿದಂತಾಯಿತು ಎಂದು ಅವಳು ಪಿಯುಸಿಯ ಸೂತ್ರ ಹಾಕಿ ಲೆಕ್ಕ ಮಾಡಿದಳು: ಸುಮಾರು 700 ಮೀಟರ್, ಅಂದರೆ 2,300 ಅಡಿ. ಐದು ವಿಂಧ್ಯಗಿರಿಗಳನ್ನು ಒಂದರ ಮೇಲೊಂದು ಇಟ್ಟಷ್ಟು ಎತ್ತರ! ಮೆಟ್ಟಿಲು ಹತ್ತಿ ಏದುಸಿರು ಬಿಟ್ಟವರಿಗೆ ಗೊತ್ತು ಒಂದೇ ವಿಂಧ್ಯಗಿರಿ ಎಷ್ಟೆಂದು.

ಹಾಗಾದರೆ ತೂಕವಿಲ್ಲದ ಸ್ಥಿತಿ ಅಂದರೆ ಗುರುತ್ವಾಕರ್ಷಣೆ ಇಲ್ಲದ ಸ್ಥಿತಿಯಲ್ಲ. ನಾನು ಇಷ್ಟು ದಿನ ಹಾಗೇ ತಿಳಿದಿದ್ದೆ, ಭಾಷಣ ಸ್ಪರ್ಧೆಯಲ್ಲೂ ಹಾಗೇ ಹೇಳಿದ್ದೆ. ಬಾಹ್ಯಾಕಾಶ ನೌಕೆ ಸುತ್ತುವ 300 ಕಿ.ಮೀ. ಎತ್ತರದಲ್ಲೂ ಭೂಮಿಯ ಸೆಳೆತ ಇಲ್ಲಿನ ಶೇ 90ರಷ್ಟು ಇದ್ದೇ ಇರುತ್ತದೆ. ಅಲ್ಲಿ ತೇಲುವವರು ಸೆಳೆತದಿಂದ ಪಾರಾದವರಲ್ಲ, ಬೀಳುತ್ತಲೇ ಇರುವವರು. ಆದರೆ ಮುಂದಕ್ಕೂ ಅಷ್ಟೇ ರಭಸದಿಂದ ಸಾಗುತ್ತಿರುವುದರಿಂದ ನೆಲ ತಾಗುವುದಿಲ್ಲ, ಭೂಮಿಯ ಸುತ್ತ ಬೀಳುತ್ತಾರೆ. ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಬೀಳುವುದೆಂದರೆ ಮುಗಿಯಿತು ಎಂದೇ ನಾನು ತಿಳಿದಿದ್ದೆ.

ಇಂಥ ವಿಮಾನ ಏರಿದವರಲ್ಲಿ ಮೂರರಲ್ಲಿ ಒಂದು ಪಾಲು ಜನ ಚೆನ್ನಾಗಿ ವಾಂತಿ ಮಾಡುತ್ತಾರೆ, ಒಂದು ಪಾಲು ತಲೆಸುತ್ತಿ ಒದ್ದಾಡುತ್ತಾರೆ, ಉಳಿದ ಪಾಲು ಆರಾಮವಾಗಿರುತ್ತಾರೆ ಎಂಬ ಮಾತು ತರಬೇತಿ ಕೊಡುವವರಲ್ಲಿ ಚಾಲ್ತಿಯಲ್ಲಿದೆ. 25 ಸೆಕೆಂಡಿನಲ್ಲಿ ಕಲಿಯಬೇಕಾದದ್ದು ಬಹಳ. ತಳ್ಳಿದರೆ ತಾನೇ ಹಿಂದಕ್ಕೆ ಹೋಗುವ ಮೈಯನ್ನು ಹತೋಟಿಯಲ್ಲಿಡುವುದು, ತೇಲಾಡುತ್ತ ಉಪಕರಣ ಬಳಸುವುದು. ಸಾಮಾನ್ಯ ಜನ ಮೋಜಿಗಾಗಿ ನೋಡುವ ಈ ತೇಲಾಟ, ಕಲ್ಪನಾ ಅವರಂಥವರಿಗೆ ತುಂಡು ತುಂಡಾಗಿ ಮಾಡುವ ಅಭ್ಯಾಸ.

1997ರ ನವೆಂಬರ್ 19ರಂದು ಅವರು ಕೊಲಂಬಿಯಾ ನೌಕೆಯಲ್ಲಿ ಮೊದಲ ಬಾರಿ ಹೊರಟರು. ಭಾರತದಲ್ಲಿ ಹುಟ್ಟಿ ಬಾಹ್ಯಾಕಾಶಕ್ಕೆ ಹೋದ ಮೊದಲ ಮಹಿಳೆ. ಈಗ 25 ಸೆಕೆಂಡಿನ ಬದಲು 16 ದಿನ. ನೌಕೆಯ ಯಾಂತ್ರಿಕ ತೋಳನ್ನು ನಡೆಸುವ ಜವಾಬ್ದಾರಿ ಅವರದು. ಎರಡು ದಿನದ ಬಳಿಕ ಸೂರ್ಯನನ್ನು ಅಧ್ಯಯನ ಮಾಡುವ ಸ್ಪಾರ್ಟನ್ ಎಂಬ ಉಪಗ್ರಹವನ್ನು ಆ ತೋಳಿನಿಂದ ಹೊರಗೆ ಬಿಟ್ಟರು. ಬಿಟ್ಟ ಮೇಲೆ ಅದು ತಾನಾಗಿ ತಿರುಗಿ ಸನ್ನದ್ಧವಾಗಬೇಕಿತ್ತು, ಆಗಲಿಲ್ಲ. ಮತ್ತೆ ಹಿಡಿಯಲು ತೋಳನ್ನು ಹತ್ತಿರ ಒಯ್ದರು. ಹಿಡಿತ ಸಿಗಲಿಲ್ಲ. ಉಪಗ್ರಹ ಮೆಲ್ಲಗೆ ಗಿರಗಿರನೆ ತಿರುಗತೊಡಗಿತು.

ಇಲ್ಲಿ ತೂಕವಿಲ್ಲದ ಸ್ಥಿತಿಯ ಇನ್ನೊಂದು ಮುಖವಿದೆ. ಸ್ಪಾರ್ಟನ್ ಒಂದು ಟನ್ನಿಗೂ ಮಿಗಿಲಾದ ಸಾಮಾನು. ಅಲ್ಲಿ ಅದಕ್ಕೆ ತೂಕವಿಲ್ಲ, ಬೆರಳಿನಿಂದಲೂ ಕದಲಿಸಬಹುದು. ಆದರೆ ಅದರ ಜಡತ್ವ ಎಲ್ಲೂ ಹೋಗಿರುವುದಿಲ್ಲ. ಒಮ್ಮೆ ಕದಲಿದರೆ ನಿಲ್ಲಿಸಲು ಅಷ್ಟೇ ಬಲ ಬೇಕು. ನೆಲವಿಲ್ಲ, ಉಜ್ಜಿ ನಿಲ್ಲಿಸುವ ಏನೂ ಇಲ್ಲ. ಸಣ್ಣ ತಾಗುವಿಕೆಯೂ ತಾನಾಗಿ ಅಳಿಸಿಹೋಗುವುದಿಲ್ಲ. ಕೊನೆಗೆ ನವೆಂಬರ್ 24ರಂದು ವಿನ್‌ಸ್ಟನ್ ಸ್ಕಾಟ್ ಮತ್ತು ತಕಾವೊ ದೋಯಿ ಎಂಬ ಇಬ್ಬರು ಸಹಯಾತ್ರಿಗಳು ನೌಕೆಯಿಂದ ಹೊರಬಂದು, ಅದು ಹತ್ತಿರ ಬರುವವರೆಗೆ ಕಾದು, ಬರಿಗೈಯಲ್ಲೇ ಎನ್ನುವ ಹಾಗೆ ಹಿಡಿದರು.

ಇಡೀ ಪ್ರಪಂಚ ನೋಡುತ್ತಿದ್ದಾಗ ಆದ ತಪ್ಪು. ಮೊದಲ ಹಾರಾಟ, ಕೈಯಲ್ಲಿದ್ದದ್ದು ಅವರ ತೋಳು. ಕಣ್ಣುಗಳು ಯಾರ ಕಡೆ ತಿರುಗಿರಬಹುದೆಂದು ನಾನು ಊಹಿಸಬಲ್ಲೆ. ನನ್ನದು ಒಂದು ಟ್ರೇ ನೀರು, ಮೂವತ್ತು ಜನ. ನಾಸಾ ಐದು ತಿಂಗಳು ತನಿಖೆ ನಡೆಸಿತು. ದೋಷ ಒಬ್ಬರದಲ್ಲ, ಸಾಫ್ಟ್‌ವೇರಿನ ವಿನ್ಯಾಸ ಹಾಗೂ ನೌಕೆಯವರೂ ನೆಲದವರೂ ಅನುಸರಿಸುತ್ತಿದ್ದ ಕಾರ್ಯವಿಧಾನದಲ್ಲೇ ಕೊರತೆಗಳಿದ್ದವು ಎಂದು ತಿಳಿಯಿತು. ಆ ತಿಂಗಳುಗಳಲ್ಲಿ ಕಲ್ಪನಾ ಮೂಲೆ ಸೇರಲಿಲ್ಲ. ಗಗನಯಾತ್ರಿಗಳು ಬಳಸುವ ಉಪಕರಣಗಳ ಜವಾಬ್ದಾರಿ ಕೊಟ್ಟರು, ಅದನ್ನು ಮಾಡಿದರು. ಮುಂದೆ ಆ ವಿಭಾಗಕ್ಕೇ ಮುಖ್ಯಸ್ಥರಾದರು. ತಾವು ಓದಿದ ಕರ್ನಾಲಿನ ಶಾಲೆಯಿಂದ ಪ್ರತಿ ವರ್ಷ ಇಬ್ಬರು ಮಕ್ಕಳು ನಾಸಾದ ಬೇಸಿಗೆ ಶಿಬಿರಕ್ಕೆ ಬರುವಂತೆ ಮಾಡಿದರು. 2000ದಲ್ಲಿ ಎರಡನೆಯ ಹಾರಾಟಕ್ಕೆ ಆಯ್ಕೆಯಾದರು.

ಅಲ್ಲಿಂದ ಶುರುವಾದದ್ದು ಕಾಯುವಿಕೆ. ಅಧಿಸೂಚನೆ, ಮುಂದೂಡಿಕೆ, ಮರುಪರೀಕ್ಷೆ ಎಂದು ವರ್ಷಗಟ್ಟಲೆ ಕಾದ ನಮ್ಮ ಓದುಗರಿಗೆ ಇದು ಚೆನ್ನಾಗಿ ಅರ್ಥವಾದೀತು. ಆ ಯಾನದ ದಿನಾಂಕ ಮತ್ತೆ ಮತ್ತೆ ಮುಂದೆ ಹೋಯಿತು. 2002ರ ಜುಲೈನಲ್ಲಿ ನೌಕೆಗಳ ಇಂಧನ ಕೊಳವೆಗಳ ಒಳಪದರದಲ್ಲಿ ಬಿರುಕು ಕಂಡು ಮತ್ತೊಮ್ಮೆ ನಿಂತಿತು. ಕೊನೆಗೆ ಅದೇ ಕೊಲಂಬಿಯಾ 2003ರ ಜನವರಿ 16ರಂದು ಏಳು ಮಂದಿಯೊಂದಿಗೆ ಹೊರಟಿತು. ಎರಡು ಪಾಳಿಯಲ್ಲಿ ಹಗಲೂ ರಾತ್ರಿ ಕೆಲಸ, ಸುಮಾರು 80 ಪ್ರಯೋಗಗಳು. ಬೆಂಕಿಯ ಜ್ವಾಲೆ ತೂಕವಿಲ್ಲದಲ್ಲಿ ಹೇಗೆ ಉರಿಯುತ್ತದೆ, ಇರುವೆ, ಜೇಡಗಳು ಹೇಗೆ ಬದುಕುತ್ತವೆ ಎಂಬಂಥವು. ಕೆಲವನ್ನು ಬೇರೆ ಬೇರೆ ದೇಶಗಳ ಶಾಲಾ ಮಕ್ಕಳೇ ರೂಪಿಸಿದ್ದರು.

ಹೊರಟ 82 ಸೆಕೆಂಡಿಗೆ ಇಂಧನ ಟ್ಯಾಂಕಿನ ಹೊದಿಕೆಯ ಫೋಮ್ ತುಂಡೊಂದು ಕಳಚಿ ಎಡ ರೆಕ್ಕೆಗೆ ಬಡಿದಿತ್ತು. ಫೆಬ್ರುವರಿ 1ರಂದು ಮರಳುವಾಗ ಬಿಸಿಗಾಳಿ ಆ ತೂತಿನಿಂದ ರೆಕ್ಕೆಯೊಳಗೆ ನುಗ್ಗಿತು. ಇಳಿಯಲು 16 ನಿಮಿಷ ಇದ್ದಾಗ, ಟೆಕ್ಸಾಸಿನ ಆಕಾಶದಲ್ಲಿ ಕೊಲಂಬಿಯಾ ಚೂರಾಯಿತು. ಏಳೂ ಜನ ತೀರಿಕೊಂಡರು. ಎರಡು ಯಾನ ಸೇರಿ ಕಲ್ಪನಾ ಬಾಹ್ಯಾಕಾಶದಲ್ಲಿ ಕಳೆದದ್ದು ಸುಮಾರು 31 ದಿನ. ಅವರ ಚಿತಾಭಸ್ಮವನ್ನು ಅವರ ಇಚ್ಛೆಯಂತೆ ಯೂಟಾದ ಜಿಯಾನ್ ರಾಷ್ಟ್ರೀಯ ಉದ್ಯಾನದಲ್ಲಿ ಚೆಲ್ಲಿದರು. ಈ ಭಾಗವನ್ನು ಓದಿ ಧೈರ್ಯದ ಪಾಠ ಹೇಳಲು ನನಗೆ ಮನಸ್ಸಿಲ್ಲ. ಇದು ಆಗಬಾರದಿತ್ತು, ಅಷ್ಟೇ.

ಈಗ ಹಾಸನದ ಮಾತು. ಅದಕ್ಕೂ ಕೆಲವು ತಿಂಗಳು ಮೊದಲು, 2002ರ ಸೆಪ್ಟೆಂಬರ್ 12ರಂದು, ಇಸ್ರೋ ಶ್ರೀಹರಿಕೋಟಾದಿಂದ ಮೆಟ್‌ಸ್ಯಾಟ್ ಎಂಬ ಹವಾಮಾನ ಉಪಗ್ರಹವನ್ನು ಹಾರಿಸಿತ್ತು. ಕಲ್ಪನಾ ತೀರಿಕೊಂಡ ನಾಲ್ಕನೇ ದಿನ, ಫೆಬ್ರುವರಿ 5ರಂದು, ಆಗಿನ ಪ್ರಧಾನಿ ವಾಜಪೇಯಿ ಅದಕ್ಕೆ ಕಲ್ಪನಾ-1 ಎಂದು ಹೆಸರಿಟ್ಟರು. ಅದರ ಕಕ್ಷೆ, ದಿಕ್ಕು, ಆರೋಗ್ಯವನ್ನೆಲ್ಲ ನೋಡಿಕೊಂಡದ್ದು ನಮ್ಮ ಸಾಲಗಾಮೆ ರಸ್ತೆಯ ಎಂಸಿಎಫ್. ಏಳು ವರ್ಷಕ್ಕೆಂದು ಕಟ್ಟಿದ ಉಪಗ್ರಹ ಸುಮಾರು ಹದಿನೈದು ವರ್ಷ ಮೋಡಗಳ ಚಿತ್ರ ಕಳಿಸಿತು. ಮುಂಗಾರಿಗೆ ಮುಂಚೆ ಆಲೂಗಡ್ಡೆ ಬಿತ್ತನೆ ಹಾಕಲೋ ಬೇಡವೋ ಎಂದು ಅಪ್ಪ ಟಿ.ವಿ. ವಾರ್ತೆಯ ಕೊನೆಯಲ್ಲಿ ಬರುತ್ತಿದ್ದ ಮೋಡದ ಚಿತ್ರವನ್ನು ಕಣ್ಣು ಕಿರಿದು ಮಾಡಿ ನೋಡುತ್ತಿದ್ದುದು ನನಗೆ ನೆನಪಿದೆ. ಅಂಥ ಚಿತ್ರಗಳನ್ನು ದೇಶಕ್ಕೆ ಕೊಡುತ್ತಿದ್ದ ಉಪಗ್ರಹಗಳಲ್ಲಿ ಕಲ್ಪನಾ-1 ಕೂಡ ಒಂದು ಎಂದು ಹೇಳಿದಾಗ ಅಪ್ಪ, ಹೌದಾ ಮಗಳೇ ಎಂದು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ನಮ್ಮ ರಾಜ್ಯ ಸರ್ಕಾರವೂ ಯುವ ಮಹಿಳಾ ವಿಜ್ಞಾನಿಗಳಿಗೆ ಅವರ ಹೆಸರಿನ ಪ್ರಶಸ್ತಿ ಇಟ್ಟಿದೆ.

ಸ್ಪಾರ್ಟನ್ನಿನ ಕಥೆ ಓದಿದ ಮೇಲೆ ನಾನು ಮಾಡಿದ್ದು ಒಂದೇ ಕೆಲಸ. ನಾಲ್ಕು ತಿಂಗಳಿಂದ ಮುಟ್ಟದಿದ್ದ ಆ ಪ್ರೋಗ್ರಾಮನ್ನು ತೆರೆದೆ, ಗೆಳತಿಗೆ ಫೋನ್ ಮಾಡಿದೆ. ಪ್ರದರ್ಶನದ ಹಿಂದಿನ ರಾತ್ರಿ ಹಳೆಯ ಸೆನ್ಸರ್ ಕೆಟ್ಟು ಅವಳು ಹೊಸದನ್ನು ಹಾಕಿದ್ದಳು, ನನಗೆ ಹೇಳಲು ಮರೆತಿದ್ದಳು. ಹೊಸದರ ಅಳತೆಯೇ ಬೇರೆ. ಬೆಳಿಗ್ಗೆ ಇನ್ನೊಮ್ಮೆ ಪರೀಕ್ಷಿಸಿದ್ದರೆ ನನಗೇ ಗೊತ್ತಾಗುತ್ತಿತ್ತು, ನಾನು ಪರೀಕ್ಷಿಸಲಿಲ್ಲ. ಅವಳದು ಅರ್ಧ, ನನ್ನದು ಅರ್ಧ. ಇಬ್ಬರೂ ಫೋನಿನಲ್ಲಿ ಅತ್ತು, ನಕ್ಕು, ಒಂದು ಸಂಜೆಯಲ್ಲಿ ಸರಿಮಾಡಿದೆವು. ಈಗ ನಮ್ಮ ಹಿತ್ತಲಿನ ಬದನೆ ಗಿಡಕ್ಕೆ ಆ ಪಂಪು ನೀರು ಬಿಡುತ್ತದೆ. ನಿಲ್ಲಲೂ ಕಲಿತಿದೆ.

ಕಳೆದ ತಿಂಗಳು ಬೆಂಗಳೂರಿನಲ್ಲಿ ಒಂದು ಸಂದರ್ಶನಕ್ಕೆ ಹೋದೆ. ಪ್ರಾಜೆಕ್ಟಿನ ಬಗ್ಗೆ ಕೇಳಿದರು. ನೀರು ಚೆಲ್ಲಿದ್ದರಿಂದಲೇ ಶುರು ಮಾಡಿದೆ. ಫಲಿತಾಂಶ ಇನ್ನೂ ಬಂದಿಲ್ಲ. ಬರದೆಯೂ ಇರಬಹುದು. ನಾಳೆ ಹಾಸನದಲ್ಲಿ ಇನ್ನೊಂದು ಸಂದರ್ಶನವಿದೆ. ಬೆಳಗಿನ ಬಸ್ಸು, ಅದೇ ಕೊನೆಯ ಸಾಲು. ಹಂಪ್ ಬಂದರೆ ಬರಲಿ, ಈ ಸಲ ಕಂಬಿ ಹಿಡಿದುಕೊಳ್ಳುವುದಿಲ್ಲ ಎಂದುಕೊಂಡಿದ್ದೇನೆ.